ಬ್ಯಾಚಿಂಗ್ ಪ್ಲಾಂಟ್ ಒಳಗೆ ಏನು ನಡೀತದ? ಸ್ಲ್ಯಾಬಿಗೆ ರೆಡಿಮಿಕ್ಸ್ ತರಿಸೋ ಮುಂಚೆ ಇದಿಷ್ಟು ಗೊತ್ತಿರಲಿ

ಆಳಂದ/ಅಫಜಲಪುರ/ಜೇವರ್ಗಿ: ನಮ್ಮ ಕಡೆ ಸ್ಲ್ಯಾಬ್ ಹಾಕೋದು ಅಂದ್ರ ಒಂದು ಸಣ್ಣ ಜಾತ್ರಿ ಇದ್ದಂಗ ಇತ್ತು. ಬೆಳಿಗ್ಗೆ ಮಿಕ್ಸರ್ ಮಷೀನಿಗೆ ಕಾಯಿ ಒಡೆದು ಚಾಲೂ ಮಾಡಿದ್ರ, ಆಳುಗಳು ಸಾಲಾಗಿ ನಿಂತು ಬುಟ್ಟಿ ಕೈಯಿಂದ ಕೈಗೆ ದಾಟಿಸಿ, ಕತ್ತಲಾಗೋ ಹೊತ್ತಿಗೆ ಮುಗಿಸಿ ಊಟ ಮಾಡಿ ಹೋಗುತ್ತಿದ್ದರು. ಈಗಲೂ ಹಳ್ಳಿಗಳಲ್ಲಿ ಹಂಗೇ ನಡೀತದ. ಆದರೆ ತಾಲ್ಲೂಕು ಕೇಂದ್ರಗಳಲ್ಲಿ ಅಂಗಡಿ ಕಾಂಪ್ಲೆಕ್ಸ್, ಕಲ್ಯಾಣ ಮಂಟಪ, ಎರಡು ಅಂತಸ್ತಿನ ಮನೆ ಕಟ್ಟುವವರು ಹೊಟ್ಟೆ ತಿರುಗಿಸುತ್ತ ಬರುವ ದೊಡ್ಡ ಲಾರಿಗೆ ಫೋನ್ ಮಾಡುವುದು ಹೆಚ್ಚಾಗಿದೆ. ಲಾರಿ ಬಂತು, ಸುರಿಯಿತು, ಹೋಯಿತು. ದುಡ್ಡು ಕೊಟ್ಟವರಿಗೆ ಒಳಗೆ ಏನಿತ್ತು ಅಂತ ಗೊತ್ತೇ ಆಗುವುದಿಲ್ಲ.

ಆ ಲಾರಿ ಹೊರಡುವ ಜಾಗವೇ ಬ್ಯಾಚಿಂಗ್ ಪ್ಲಾಂಟ್. ಕೆಲವರು ಅದನ್ನ ಸಿಮೆಂಟ್ ಫ್ಯಾಕ್ಟರಿ ಅಂತಾರ. ಅದು ತಪ್ಪು. ಸಿಮೆಂಟ್ ಆಗುವುದು ವಾಡಿ, ಮಳಖೇಡ, ಸೇಡಂ ಕಡೆಯ ಕಾರ್ಖಾನೆಗಳಲ್ಲಿ, ಸುಣ್ಣದ ಕಲ್ಲು ಸುಟ್ಟು. ಬ್ಯಾಚಿಂಗ್ ಪ್ಲಾಂಟಿನಲ್ಲಿ ಏನನ್ನೂ ಸುಡುವುದಿಲ್ಲ. ಖಡಿ, ಉಸುಕು, ಸಿಮೆಂಟ್, ನೀರು, ಸ್ವಲ್ಪ ರಾಸಾಯನಿಕ: ಇಷ್ಟನ್ನ ತೂಕ ಮಾಡಿ ಕಲಸಿ ಲಾರಿಗೆ ತುಂಬುವ ಜಾಗ ಅದು. ಅಡುಗೆಗೆ ಹೋಲಿಸಿದರೆ ಸಿಮೆಂಟ್ ಫ್ಯಾಕ್ಟರಿ ಹಿಟ್ಟಿನ ಗಿರಣಿ, ಬ್ಯಾಚಿಂಗ್ ಪ್ಲಾಂಟ್ ರೊಟ್ಟಿ ಹಿಟ್ಟು ನಾದುವ ಪರಾತ.

ಅಫಜಲಪುರ, ಜೇವರ್ಗಿ ಕಡೆಯವರು ಈ ಯಂತ್ರಗಳನ್ನ ಹೆಚ್ಚು ನೋಡಲು ಹೆದ್ದಾರಿ ಕೆಲಸವೂ ಒಂದು ಕಾರಣ. ಸೂರತ್–ಚೆನ್ನೈ ಎಕ್ಸ್‌ಪ್ರೆಸ್ ವೇ ನಮ್ಮ ಜಿಲ್ಲೆಯ ಮೂಲಕ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿ 150ಸಿ ಅಂತ ಗುರುತಿಸಿದ ಈ ಆರು ಪಥದ ರಸ್ತೆಯ 65.5 ಕಿ.ಮೀ. ಮತ್ತು 71 ಕಿ.ಮೀ. ಉದ್ದದ ಎರಡು ಭಾಗಗಳಿಗೆ 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಅವರು ಯಾದಗಿರಿ ಜಿಲ್ಲೆಯ ಕೊಡೇಕಲ್ ಹಾಗೂ ನಮ್ಮ ಮಳಖೇಡದಲ್ಲಿ ಶಂಕುಸ್ಥಾಪನೆ ಮಾಡಿದ್ದರು. ಇಂಥ ರಸ್ತೆಗೆ ಸೇತುವೆ, ಕೆಳಸೇತುವೆ, ಮೋರಿ ಅಂತ ಲೆಕ್ಕವಿಲ್ಲದಷ್ಟು ಕಾಂಕ್ರೀಟ್ ಬೇಕು. ಅದಕ್ಕೇ ಗುತ್ತಿಗೆದಾರರು ಕ್ಯಾಂಪ್ ಹಾಕಿ, ಅಲ್ಲೇ ತಮ್ಮ ಸ್ವಂತ ಪ್ಲಾಂಟ್ ನಿಲ್ಲಿಸುತ್ತಾರೆ. ಆ ಪ್ಲಾಂಟ್ ಸಾಮಾನ್ಯವಾಗಿ ಹೊರಗಿನವರಿಗೆ ಮಾರುವುದಿಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಿಕೊಂಡು ಹೋಗುತ್ತಾರೆ. ನಾವು ಮನೆಗೆ ತರಿಸುವುದು ಮಾರಾಟಕ್ಕೆಂದೇ ಇರುವ ಆರ್‌ಎಂಸಿ ಪ್ಲಾಂಟುಗಳಿಂದ. ಯಂತ್ರ ಮಾತ್ರ ಎರಡೂ ಕಡೆ ಒಂದೇ.

ಖಡಿಯಿಂದ ಡ್ರಮ್ಮಿನವರೆಗೆ

ಪ್ಲಾಂಟಿಗೆ ಹೋದ್ರ ಮೊದಲು ಕಾಣುವುದು ಖಡಿ ರಾಶಿ. 20 ಎಂಎಂ ಒಂದು ಕಡೆ, 10 ಅಥವಾ 12 ಎಂಎಂ ಒಂದು ಕಡೆ, ಉಸುಕು ಇನ್ನೊಂದು ಕಡೆ, ನಡುವೆ ಗೋಡೆ. ಆಳಂದ, ಅಫಜಲಪುರ ಕಡೆಯ ಖಡಿ ಕರಿಕಲ್ಲಿನದು, ದಖ್ಖನ್ನಿನ ಹಳೆಯ ಲಾವಾ ಹೆಪ್ಪುಗಟ್ಟಿ ಆದ ಬಸಾಲ್ಟ್ ಶಿಲೆ. ನಮ್ಮ ಎರಿ ಭೂಮಿ ಆಗಿದ್ದೂ ಅದೇ ಕಲ್ಲು ಸವೆದು. ಜಿಲ್ಲೆಯ ಪೂರ್ವಕ್ಕೆ ಸಿಮೆಂಟಿನ ಕಲ್ಲು, ಪಶ್ಚಿಮಕ್ಕೆ ಖಡಿಯ ಕಲ್ಲು. ಕಾಂಕ್ರೀಟಿಗೆ ಬೇಕಾದ ಎರಡೂ ಒಂದೇ ಜಿಲ್ಲೆಯಲ್ಲಿ ಸಿಗುವ ಪುಣ್ಯ ಎಲ್ಲ ಕಡೆ ಇರುವುದಿಲ್ಲ. ಭೀಮಾ ನದಿಯ ಉಸುಕು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಹಂಗಾಗಿ ಪ್ಲಾಂಟುಗಳಲ್ಲಿ ಎಂ-ಸ್ಯಾಂಡೇ ಹೆಚ್ಚು. ಎಂ-ಸ್ಯಾಂಡ್ ಬೇರೆ, ಕ್ರಷರಿನಲ್ಲಿ ಉಳಿಯುವ ಡಸ್ಟ್ ಬೇರೆ. ಡಸ್ಟಿನಲ್ಲಿ ಹಿಟ್ಟಿನಂಥ ಪುಡಿ ಜಾಸ್ತಿ ಇರ್ತದ, ಅದು ನೀರು ಕುಡೀತದ. ಎಂ-ಸ್ಯಾಂಡ್ ಅಂತ ಹೇಳಿ ಡಸ್ಟ್ ಹಾಕಿದರೆ ಕಾಂಕ್ರೀಟ್ ಬಿರುಕು ಬಿಡೋದು ಗ್ಯಾರಂಟಿ ಅಂತಲೇ ತಿಳ್ಕೊಳ್ರಿ.

ಲೋಡರ್ ಈ ರಾಶಿಗಳಿಂದ ಎತ್ತಿ ದೊಡ್ಡ ಡಬ್ಬಿಗಳಿಗೆ ಹಾಕುತ್ತದೆ. ಸಾಮಾನ್ಯವಾಗಿ ನಾಲ್ಕು ಡಬ್ಬಿ. ಅವುಗಳ ತಳದ ಬಾಗಿಲು ಗಾಳಿ ಒತ್ತಡದಿಂದ ತೆರೆದು ಮುಚ್ಚುತ್ತವೆ. ಟುಸ್ ಟುಸ್ ಅಂತ ಬರುವ ಸದ್ದು ಅದೇ. ಕೆಳಗೆ ತೂಕದ ತೊಟ್ಟಿ ನೇತಾಡುತ್ತಿರುತ್ತದೆ. ಮೊದಲು 20 ಎಂಎಂ ಬೀಳುತ್ತದೆ, ಇಷ್ಟು ಕೆಜಿ ಆದ ಕೂಡಲೇ ಬಾಗಿಲು ಬಂದ್. ಅದರ ಮೇಲೆ ಸಣ್ಣ ಖಡಿ, ಆಮೇಲೆ ಉಸುಕು. ತೂಕ ನೋಡುವುದು ಲೋಡ್ ಸೆಲ್ ಎಂಬ ಸಣ್ಣ ಉಪಕರಣ. ನಮ್ಮ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೂ ಇರುವುದು ಅದೇ ಜಾತಿಯದು. ತೂಕ ಆದ ಮಾಲು ಬೆಲ್ಟ್ ಮೇಲೆ ಅಥವಾ ಹಗ್ಗದಿಂದ ಎಳೆಯುವ ತೊಟ್ಟಿಯಲ್ಲಿ ಮೇಲಿನ ಮಿಕ್ಸರಿಗೆ ಹೋಗುತ್ತದೆ.

ಎತ್ತರದ ದುಂಡನೆ ಗೋಪುರಗಳು ಸಿಮೆಂಟ್ ಸೈಲೋ. ಇಲ್ಲಿ ಚೀಲ ಬಿಚ್ಚುವ ಕೆಲಸ ಇಲ್ಲ. ಬಲ್ಕರ್ ಲಾರಿಯಲ್ಲಿ ಬಿಡಿ ಸಿಮೆಂಟ್ ಬರುತ್ತದೆ, ಗಾಳಿ ಒತ್ತಿ ಪೈಪಿನಲ್ಲಿ ಸೈಲೋ ತುದಿಗೆ ಊದುತ್ತಾರೆ. ತುದಿಯಲ್ಲಿ ಫಿಲ್ಟರ್ ಇರಬೇಕು, ಇಲ್ಲದಿದ್ದರೆ ಸಿಮೆಂಟ್ ಧೂಳು ಊರಿಗೆಲ್ಲ. ಎರಡನೇ ಸೈಲೋದಲ್ಲಿ ಹೆಚ್ಚಾಗಿ ಹಾರುಬೂದಿ ಇರ್ತದ. ರಾಯಚೂರಿನ ಶಕ್ತಿನಗರದಂಥ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ಸುಟ್ಟು ಉಳಿಯುವ ನಯವಾದ ಬೂದಿ ಇದು. "ಬೂದಿ ಕಲಬೆರಕೆ ಮಾಡ್ತಾರ" ಅಂತ ಗಾಬರಿ ಆಗಬೇಕಿಲ್ಲ. ನಾವು ಅಂಗಡಿಯಿಂದ ತರುವ ಪಿಪಿಸಿ ಚೀಲದಲ್ಲೂ ಅದು ಇದ್ದೇ ಇರುತ್ತದೆ. ಲೆಕ್ಕದ ಪ್ರಕಾರ ಹಾಕಿದರೆ ಒಳ್ಳೆಯದೇ. ಎಷ್ಟು ಹಾಕಿದ್ದಾರೆ ಅಂತ ಚೀಟಿಯಲ್ಲಿ ತೋರಿಸಬೇಕು, ಅಷ್ಟೇ.

ಸಿಮೆಂಟಿಗೆ ಬೇರೆ ತಕ್ಕಡಿ, ನೀರಿಗೆ ಬೇರೆ, ರಾಸಾಯನಿಕಕ್ಕೆ ಬೇರೆ. ಎಲ್ಲ ಮಿಕ್ಸರಿನಲ್ಲಿ ಬಿದ್ದು, ಒಳಗಿನ ಗಟ್ಟಿ ತೋಳುಗಳು ತಿರುಗಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಒಂದು ಬ್ಯಾಚ್ ತಯಾರು. ಅದಕ್ಕೇ ಬ್ಯಾಚಿಂಗ್ ಪ್ಲಾಂಟ್ ಅಂತ ಹೆಸರು: ಒಮ್ಮೆಗೆ ಅರ್ಧ ಅಥವಾ ಒಂದು ಘನ ಮೀಟರ್, ಹಂಗ ಹಲವು ಬ್ಯಾಚ್ ಸೇರಿ ಒಂದು ಲಾರಿ.

ವೇಗ ಎಷ್ಟು ಅಂತ ಒಂದು ಲೆಕ್ಕ ಹಾಕೋಣ. 30x40 ಜಾಗದ ಪೂರ್ತಿ ಸ್ಲ್ಯಾಬ್, 5 ಇಂಚು ದಪ್ಪ ಅಂದ್ರ 500 ಘನ ಅಡಿ, ನಮ್ಮ ಭಾಷೆಯಲ್ಲಿ 5 ಬ್ರಾಸ್, ಅಂದರೆ 14 ಘನ ಮೀಟರಿಗೆ ಸ್ವಲ್ಪ ಹೆಚ್ಚು (ಬೀಮ್ ಬಿಟ್ಟು). ಒಂದು ಚೀಲದ ಮಿಕ್ಸರ್ ಮಷೀನಿನಲ್ಲಿ 1:1.5:3 ಹಾಕಿದರೆ ನೂರಕ್ಕೂ ಹೆಚ್ಚು ಸಲ ತುಂಬಿ ಸುರೀಬೇಕು. ಗಂಟೆಗೆ 30 ಘನ ಮೀಟರ್ ಸಾಮರ್ಥ್ಯದ ಸಣ್ಣ ಪ್ಲಾಂಟಿಗೆ ಅದು ಅರ್ಧ ಗಂಟೆ ಕೆಲಸ.

ತೂಕವೇ ಎಲ್ಲ

ವೇಗಕ್ಕಿಂತ ಮುಖ್ಯ ಬೇರೆ ಇದೆ. ಬುಟ್ಟಿ ಲೆಕ್ಕಕ್ಕೂ ತೂಕದ ಲೆಕ್ಕಕ್ಕೂ ಭಾಳ ವ್ಯತ್ಯಾಸ. ಉಸುಕು ಸ್ವಲ್ಪ ಹಸಿ ಇದ್ದರೆ ಉಬ್ಬುತ್ತದೆ, ನಯ ಉಸುಕಾದರೆ ಕಾಲು ಭಾಗದಷ್ಟೂ ಉಬ್ಬಬಹುದು. ಬುಟ್ಟಿ ತುಂಬಿದಂಗೆ ಕಾಣ್ತದ, ಒಳಗೆ ಉಸುಕು ಕಡಿಮೆ. ಮಧ್ಯಾಹ್ನ ಒಣಗಿದ ಉಸುಕು ಅದೇ ಬುಟ್ಟಿಯಲ್ಲಿ ಹೆಚ್ಚು ಹಿಡಿಯುತ್ತದೆ. ಅಂದರೆ ಬೆಳಗಿನ ಕಾಂಕ್ರೀಟೇ ಬೇರೆ, ಮಧ್ಯಾಹ್ನದ್ದೇ ಬೇರೆ. ಪ್ಲಾಂಟಿನಲ್ಲಿ ಹಂಗಾಗಬಾರದು. ಸಿಮೆಂಟಿನ ತೂಕ ಶೇ 2ರೊಳಗೆ, ಖಡಿ, ಉಸುಕು, ನೀರು, ರಾಸಾಯನಿಕ ಶೇ 3ರೊಳಗೆ ಮಾತ್ರ ಹೆಚ್ಚು–ಕಡಿಮೆ ಆಗಬಹುದು ಅಂತ ರೆಡಿಮಿಕ್ಸಿನ ಭಾರತೀಯ ಮಾನಕ ಐಎಸ್ 4926 ಹೇಳುತ್ತದೆ.

ಅಂದಾಜಿಗೆ ಒಂದು ಘನ ಮೀಟರ್ ಎಂ20 ಕಾಂಕ್ರೀಟಿನ ಪಾಕ ಹಿಂಗಿರಬಹುದು: ಸಿಮೆಂಟ್ 320 ಕೆಜಿ, ಉಸುಕು 760 ಕೆಜಿ, ಎರಡೂ ಖಡಿ ಸೇರಿ 1,160 ಕೆಜಿ, ನೀರು 160 ಲೀಟರ್. ಒಟ್ಟು 2,400 ಕೆಜಿ. ನಿಜವಾದ ಪಾಕ ಆಯಾ ಪ್ಲಾಂಟಿನ ಖಡಿ, ಉಸುಕು ಪರೀಕ್ಷೆ ಮಾಡಿ ಲ್ಯಾಬಿನಲ್ಲಿ ನಿರ್ಧಾರ ಮಾಡಿರುತ್ತಾರೆ. ಅದಕ್ಕೆ ಮಿಕ್ಸ್ ಡಿಸೈನ್ ಅಂತಾರ. ಕ್ಯಾಬಿನ್ನಿನಲ್ಲಿ ಕೂತ ಆಪರೇಟರ್ ಕಂಪ್ಯೂಟರಿನಲ್ಲಿ ಆ ಪಾಕ ಆರಿಸಿ ಗುಂಡಿ ಒತ್ತುತ್ತಾನೆ.

ಆದರೆ ಕಂಪ್ಯೂಟರಿಗೆ ಗೊತ್ತಿಲ್ಲದ್ದು ಒಂದಿದೆ: ಉಸುಕಿನೊಳಗಿನ ನೀರು. 760 ಕೆಜಿ ಉಸುಕಿನಲ್ಲಿ ಶೇ 5ರಷ್ಟು ತೇವ ಇದ್ದರೆ 38 ಲೀಟರ್ ನೀರು ಮೊದಲೇ ಒಳಗೆ ಹೋಯಿತು. ಮಳೆ ಬಂದ ಮರುದಿನ ಉಸುಕಿನ ತೇವ ಅಳೆಯದೆ, ಮಾಮೂಲಿನಂಗೆ 160 ಲೀಟರ್ ಬಿಟ್ಟರೆ ಕಾಂಕ್ರೀಟ್ ಸಾರು ಆಗ್ತದ. ಒಳ್ಳೆ ಪ್ಲಾಂಟಿನಲ್ಲಿ ದಿನಾ ಬೆಳಿಗ್ಗೆ ತೇವ ಅಳೆದು, ಅಷ್ಟು ನೀರು ಕಡಿಮೆ ಮಾಡಿ, ಅಷ್ಟು ಉಸುಕು ಹೆಚ್ಚು ಮಾಡ್ತಾರ. "ಇವತ್ತು ಉಸುಕಿನ ತೇವ ಎಷ್ಟು ಬಂತ್ರಿ?" ಅಂತ ಕೇಳಿ ನೋಡ್ರಿ. ತಡವರಿಸದೆ ಉತ್ತರ ಬಂದ್ರ ಆ ಪ್ಲಾಂಟ್ ನಂಬಬಹುದು.

ನೀರು ಯಾವುದು ಅನ್ನೋದೂ ಮುಖ್ಯ. ನಮ್ಮ ಎಷ್ಟೋ ಬೋರ್‌ವೆಲ್‌ಗಳ ನೀರು ಸವಳು. ಕಬ್ಬಿಣ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ಐಎಸ್ 456ರಲ್ಲಿದೆ. ದಾಟಿದರೆ ಒಳಗಿನ ಸರಳು ಬೇಗ ತುಕ್ಕು ಹಿಡೀತದ. ಈ ಮಾತು ಪ್ಲಾಂಟಿಗಷ್ಟೇ ಅಲ್ಲ, ನಿಮ್ಮ ಮನೆ ಮುಂದಿನ ಮಿಕ್ಸರ್ ಮಷೀನಿಗೂ ಅನ್ವಯ.

ಗಡಿಯಾರ ಶುರು

ಸಿಮೆಂಟಿಗೆ ನೀರು ತಾಗಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಲಾರಿಗೆ ತುಂಬಿದ ಎರಡು ಗಂಟೆಯೊಳಗೆ ಖಾಲಿ ಮಾಡಬೇಕು ಅನ್ನುವುದು ಐಎಸ್ 4926ರ ಸಾಮಾನ್ಯ ನಿಯಮ. ಬಿಗಿಯುವುದನ್ನ ತಡ ಮಾಡುವ ರಾಸಾಯನಿಕ ಹಾಕಿದ್ದರೆ ಹೆಚ್ಚು ಸಮಯಕ್ಕೆ ಒಪ್ಪಿಗೆ ಉಂಟು. ಲಾರಿಯ ಡ್ರಮ್ ದಾರಿಯುದ್ದಕ್ಕೂ ನಿಮಿಷಕ್ಕೆ 2ರಿಂದ 6 ಸುತ್ತು ನಿಧಾನ ತಿರುಗುತ್ತಿರುತ್ತದೆ. ಒಳಗೆ ಸುರುಳಿ ತಗಡು ಬೆಸೆದಿರುತ್ತಾರೆ. ಒಂದು ಕಡೆ ತಿರುಗಿದರೆ ಮಾಲು ಒಳಗೆ ತಳ್ಳುತ್ತದೆ, ಉಲ್ಟಾ ತಿರುಗಿಸಿದರೆ ಹೊರಗೆ ಬರುತ್ತದೆ.

ಈಗ ನಮ್ಮ ದೂರ ನೋಡ್ರಿ. ಕಲಬುರಗಿಯಿಂದ ಆಳಂದಕ್ಕೂ ಜೇವರ್ಗಿಗೂ ಸುಮಾರು 40 ಕಿ.ಮೀ., ಅಫಜಲಪುರಕ್ಕೆ 60 ಕಿ.ಮೀ. ಆಸುಪಾಸು. ತುಂಬಿದ ಮಿಕ್ಸರ್ ಲಾರಿ ಸರಾಸರಿ ಗಂಟೆಗೆ 30 ಕಿ.ಮೀ. ಹೋಗ್ತದ ಅಂತ ಹಿಡಿದರೆ ಆಳಂದ, ಜೇವರ್ಗಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಅಫಜಲಪುರಕ್ಕೆ ದಾರಿಯಲ್ಲೇ ಎರಡು ಗಂಟೆ ಮುಗೀತು, ಸುರಿಯುವುದು ಇನ್ನೂ ಬಾಕಿ. ಅದಕ್ಕೇ ದೂರದ ಪ್ಲಾಂಟಿನಿಂದ ತರಿಸುವವರು "ನಮ್ಮೂರು ಇಷ್ಟು ದೂರ, ತಡ ಮಾಡುವ ಮದ್ದು ಎಷ್ಟು ಹಾಕ್ತೀರಿ, ಎಷ್ಟು ಗಂಟೆ ತಡೀತದ" ಅಂತ ಮೊದಲೇ ಮಾತಾಡಬೇಕು. ಹತ್ತಿರದಲ್ಲಿ ಪ್ಲಾಂಟ್ ಇದ್ದರೆ ರೇಟು ಸ್ವಲ್ಪ ಹೆಚ್ಚಾದರೂ ಅದೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ಎಲ್ಲ ಕೆಡುವುದು ಸಾಮಾನ್ಯವಾಗಿ ಮನೆ ಮುಂದೆ. ನನ್ನದೇ ಮನೆಯ ಸ್ಲ್ಯಾಬ್ ದಿನ ಲಾರಿ ಬಂದಾಗ ಸೆಂಟ್ರಿಂಗಿನ ಒಂದು ಮೂಲೆ ಇನ್ನೂ ಬಿಗಿ ಆಗಿರಲಿಲ್ಲ, ಕರೆಂಟಿನವ ಪೈಪ್ ಹಾಕ್ತಾ ಇದ್ದ. ಮುಕ್ಕಾಲು ಗಂಟೆ ಲಾರಿ ಬಿಸಿಲಲ್ಲಿ ನಿಂತಿತು. ಮಾಲು ಗಟ್ಟಿ ಆಗಿ ಇಳಿಯದಾದಾಗ ಯಾರೋ ಡ್ರಮ್ಮಿಗೆ ಪೈಪ್ ಇಟ್ಟು ನೀರು ಬಿಟ್ಟರು. ನಾನೂ ಸುಮ್ಮನೆ ನಿಂತು ನೋಡಿದೆ. ಆಗ ಗೊತ್ತಿರಲಿಲ್ಲ.

ಲೆಕ್ಕ ಈಗ ಗೊತ್ತು. 6 ಘನ ಮೀಟರ್ ಲಾರಿಗೆ 15 ಲೀಟರಿನ ಐದು ಕೊಡ ನೀರು ಅಂದ್ರ 75 ಲೀಟರ್, ಘನ ಮೀಟರಿಗೆ 12.5 ಲೀಟರ್. ಮೇಲಿನ ಪಾಕದಲ್ಲಿ ನೀರು–ಸಿಮೆಂಟ್ ಪ್ರಮಾಣ 0.50 ಇದ್ದದ್ದು 0.54ಕ್ಕೆ ಏರಿತು. ತೀರಾ ಸೌಮ್ಯ ವಾತಾವರಣದ ಎಂ20 ಆರ್‌ಸಿಸಿಗೂ ಐಎಸ್ 456 ಒಪ್ಪುವ ಗರಿಷ್ಠ 0.55. ಇನ್ನೆರಡು ಕೊಡ ಹಾಕಿದರೆ ಅದೂ ದಾಟಿತು. ಹೆಚ್ಚಿನ ನೀರು ಒಣಗಿ ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಮಳೆಗಾಲದಲ್ಲಿ ಸೋರುವುದು, ಸರಳು ತುಕ್ಕು ಹಿಡಿಯುವುದು ಅಲ್ಲಿಂದಲೇ. ಮಾಲು ತೆಳ್ಳಗೆ ಮಾಡಲೇಬೇಕಾದರೆ ಪ್ಲಾಂಟಿನವರೇ ಮದ್ದು ಹಾಕಿ, ಡ್ರಮ್ ಜೋರಾಗಿ ತಿರುಗಿಸಿ ಸರಿ ಮಾಡಬೇಕು. ಪಂಪಿನಲ್ಲಿ ಏರಿಸುವುದಿದ್ದರೆ ಆರ್ಡರ್ ಕೊಡುವಾಗಲೇ ಹೇಳಬೇಕು, ಆ ಪಾಕವೇ ಬೇರೆ.

ಬೇಸಿಗೆಯ ಮಾತು ಬೇರೆ. ಏಪ್ರಿಲ್–ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಖಡಿ ರಾಶಿಯೇ ಕಾದಿರುತ್ತದೆ. ಎರಡು ಗಂಟೆ ತಡೆಯುವ ಮಾಲು ಒಂದೇ ಗಂಟೆಗೆ ಬಿಗಿಯಬಹುದು. ತಿಳಿದ ಪ್ಲಾಂಟಿನವರು ಖಡಿಗೆ ನೆರಳು ಮಾಡಿ ನೀರು ಚಿಮುಕಿಸುತ್ತಾರೆ, ದೊಡ್ಡ ಕೆಲಸಕ್ಕೆ ನೀರಿನ ಬದಲು ಐಸ್ ಪುಡಿ ಹಾಕುವುದೂ ಉಂಟು. ನಮ್ಮಂಥವರಿಗೆ ಸುಲಭದ್ದು ಅಂದ್ರ ಸಂಜೆ ಐದರ ಮೇಲೆ ಅಥವಾ ಬೆಳಗಿನ ಜಾವ ಲಾರಿ ತರಿಸುವುದು.

ಚೀಟಿ, ಕಾಟಾ, ಕ್ಯೂಬ್

ಪ್ರತಿ ಲಾರಿಯ ಜೊತೆ ಚೀಟಿ ಬರಬೇಕು. ಅದರಲ್ಲಿ ಲಾರಿ ನಂಬರ್, ಗ್ರೇಡ್, ಪ್ರಮಾಣ, ಸಿಮೆಂಟ್ ಯಾವುದು, ಖಡಿಯ ದೊಡ್ಡ ಅಳತೆ, ತುಂಬಿದ ಸಮಯ ಇರಬೇಕು. ತುಂಬಿದ ಸಮಯ ಇಲ್ಲದ ಚೀಟಿ ಎಕ್ಸ್‌ಪೈರಿ ತಾರೀಖು ಇಲ್ಲದ ಔಷಧಿ ಇದ್ದಂಗ. ಇದಲ್ಲದೆ ಬ್ಯಾಚ್ ರಿಪೋರ್ಟ್ ಅಂತ ಕಂಪ್ಯೂಟರಿನ ಪ್ರಿಂಟ್ ಒಂದಿರುತ್ತದೆ. ಪ್ರತಿ ಬ್ಯಾಚಿಗೆ ಎಷ್ಟು ಕೆಜಿ ಬೀಳಬೇಕಿತ್ತು, ಎಷ್ಟು ಬಿತ್ತು ಅಂತ ಎದುರೆದುರು ತೋರಿಸುತ್ತದೆ. ಕೇಳದೆ ಕೊಡುವವರು ಕಡಿಮೆ. ಕೇಳ್ರಿ, ಅದು ನಿಮ್ಮ ಹಕ್ಕಿನ ಕಾಗದ.

ಪ್ರಮಾಣದ ಅನುಮಾನ ಇದ್ದರೆ ದಾರಿ ಸರಳ. ತೊಗರಿ, ಕಬ್ಬು ತೂಗಿಸಿ ಅಭ್ಯಾಸ ಇರುವ ನಮಗೆ ಕಾಟಾ ಹೊಸದೇನಲ್ಲ. ತುಂಬಿದ ಲಾರಿ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ ತೂಗಿಸಬೇಕು. 6 ಘನ ಮೀಟರ್ ಅಂದ್ರ ಹೆಚ್ಚು–ಕಡಿಮೆ 14,400 ಕೆಜಿ. ವ್ಯತ್ಯಾಸ 13,200 ಬಂದರೆ ನಿಮಗೆ ಸಿಕ್ಕಿದ್ದು 5.5 ಮಾತ್ರ. ಒಂದೆರಡು ನೂರು ಕೆಜಿ ಆಚೀಚೆ ಆದರೆ ಜಗಳ ಬೇಡ, ಪಾಕದ ಮೇಲೆ ತೂಕ ಬದಲಾಗ್ತದ. ಮೂರು ಲಾರಿಯಲ್ಲಿ ಯಾವುದಾದರೂ ಒಂದನ್ನ, ಮುಂಚೆ ಹೇಳದೆ, ತೂಗಿಸಿದರೆ ಸಾಕು. ಇನ್ನೊಂದು ಕಡೆಯಿಂದಲೂ ಹೇಳಬೇಕು: ಎಷ್ಟೋ ಸಲ "ಮಾಲು ಕಡಿಮೆ ಬಂತು" ಅನ್ನುವ ತಕರಾರಿಗೆ ಕಾರಣ ಜೋತುಬಿದ್ದ ಸೆಂಟ್ರಿಂಗ್. 5 ಇಂಚಿನ ಸ್ಲ್ಯಾಬ್ ನಡುವೆ ಐದೂವರೆ ಆಗಿದ್ದರೆ ಪ್ಲಾಂಟಿನವರೇನು ಮಾಡ್ಯಾರು?

ಕಸುವು ನೋಡಲು ಕ್ಯೂಬ್. 150 ಎಂಎಂ ಅಳತೆಯ ಕಬ್ಬಿಣದ ಅಚ್ಚಿನಲ್ಲಿ ಅದೇ ಲಾರಿಯ ಮಾಲು ತುಂಬಿ, ನೀರಿನಲ್ಲಿ ಇಟ್ಟು, 28ನೇ ದಿನ ಯಂತ್ರದಲ್ಲಿ ಒಡೆಯುತ್ತಾರೆ. ಎಂ20 ಅಂದರೆ ಚದರ ಮಿಲಿಮೀಟರಿಗೆ 20 ನ್ಯೂಟನ್. ಆ ಕ್ಯೂಬ್ ಸುಮಾರು 46 ಟನ್ ಭಾರ ತಡೆಯಬೇಕು. 6ರಿಂದ 15 ಘನ ಮೀಟರ್ ಕೆಲಸಕ್ಕೆ ಎರಡು ಸ್ಯಾಂಪಲ್, ಒಂದು ಸ್ಯಾಂಪಲಿಗೆ ಮೂರು ಕ್ಯೂಬ್ ಅಂತ ಐಎಸ್ 456 ಲೆಕ್ಕ. ಪ್ಲಾಂಟಿನವರು ತಮ್ಮ ಅಂಗಳದಲ್ಲಿ ತುಂಬಿದ ಕ್ಯೂಬ್ ತೋರಿಸಿದರೆ ಸಾಲದು, ನಿಮ್ಮ ಜಾಗದಲ್ಲಿ ಲಾರಿಯಿಂದ ಇಳಿದ ಮಾಲು ತುಂಬಿಸಬೇಕು. ನಡುವೆ ನೀರು ಸೇರಿದ್ದರೆ ತಿಳಿಯುವುದು ಅಲ್ಲೇ.

ಇನ್ನೊಂದು ಯಂತ್ರದ ಹೆಸರು ಹೇಳದೆ ಈ ಲೇಖನ ಮುಗಿಯುವಂಗಿಲ್ಲ. ಹಳ್ಳಿಯ ಸಿಸಿ ರಸ್ತೆ, ಚರಂಡಿ ಕೆಲಸದಲ್ಲಿ ಕಾಣುವ, ತಾನೇ ಖಡಿ ಬಾಚಿಕೊಂಡು ತಾನೇ ಕಲಸುವ ಸೆಲ್ಫ್ ಲೋಡಿಂಗ್ ಮಿಕ್ಸರ್. ಬೆಂಗಳೂರಿನ ಕಂಪನಿಯ ಹೆಸರಿನಿಂದ ಎಲ್ಲರೂ ಅಜಾಕ್ಸ್ ಅಂತಲೇ ಕರೀತಾರ. ಪ್ಲಾಂಟಿನಿಂದ ದೂರ ಇರುವ ಊರಿಗೆ ಇದು ಒಳ್ಳೆಯ ನಡುದಾರಿ, ಗಡಿಯಾರದ ಸಮಸ್ಯೆ ಇಲ್ಲ. ಎಷ್ಟೋ ಮಾದರಿಗಳಲ್ಲಿ ತೂಕದ ವ್ಯವಸ್ಥೆಯೂ ಇರುತ್ತದೆ. ಆದರೆ ಅದನ್ನ ಚಾಲೂ ಇಟ್ಟಿದ್ದಾರೋ, ಬಕೆಟ್ ಅಂದಾಜಿನಲ್ಲೇ ಹೊಡೀತಾರೋ ಅಂತ ಪಕ್ಕ ನಿಂತು ನೋಡಬೇಕು.

ಹೊಲದ ಪಕ್ಕ ಪ್ಲಾಂಟ್ ಬಂದರೆ

ಹೊಲ ಲೀಸಿಗೆ ಕೊಡುವವರೂ ಪಕ್ಕದ ಹೊಲದವರೂ ತಿಳಿದಿರಬೇಕಾದ್ದು ಸ್ವಲ್ಪ ಇದೆ. ಪ್ಲಾಂಟಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಧೂಳು ಬರುವುದು ಮೂರು ಕಡೆಯಿಂದ: ಸೈಲೋ ತುದಿ, ಖಡಿ ರಾಶಿ, ಲಾರಿ ಓಡಾಡುವ ಮಣ್ಣಿನ ದಾರಿ. ಫಿಲ್ಟರ್, ತಗಡಿನ ಮರೆ, ದಿನಾ ನೀರು ಹೊಡೆಯುವುದು ಮಾಡಿದರೆ ಬಹುಪಾಲು ತಡೆಯಬಹುದು. ಕಣ್ಣಿಗೆ ಬೀಳದ ಅಪಾಯ ಡ್ರಮ್ ತೊಳೆದ ನೀರು. ಅದು ಸುಣ್ಣದ ತಿಳಿಯಂಥ ಕ್ಷಾರ, ಚರ್ಮ ಸುಡುತ್ತದೆ, ಹೊಲಕ್ಕೆ ಅಥವಾ ಹಳ್ಳಕ್ಕೆ ಬಿಡುವಂಗಿಲ್ಲ. ಪ್ಲಾಂಟಿನಲ್ಲಿ ಸಾಲು ತೊಟ್ಟಿ ಕಟ್ಟಿ ತಿಳಿಗೊಳಿಸಿ ಮತ್ತೆ ಬಳಸಬೇಕು. ಲೀಸ್ ಬರೆಯುವಾಗ "ಕೆಲಸ ಮುಗಿದ ಮೇಲೆ ಗಟ್ಟಿಯಾದ ಕಾಂಕ್ರೀಟ್, ಖಡಿ ತೆಗೆದು ಮೊದಲಿನಂಗೆ ಮಾಡಿ ಕೊಡಬೇಕು" ಅಂತ ಒಂದು ಸಾಲು ಸೇರಿಸದಿದ್ದರೆ, ಆಮೇಲೆ ಆ ಎರಿ ಹೊಲದಲ್ಲಿ ನೇಗಿಲು ಇಳಿಯುವುದಿಲ್ಲ.

ಸ್ಲ್ಯಾಬ್ ಹಾಕಿದವರಿಗೆ ಉಳಿದ ಕೆಲಸ ಕ್ಯೂರಿಂಗ್. ರೆಡಿಮಿಕ್ಸ್ ಅಂತ ನೀರು ಹೊಡೆಯುವುದು ತಪ್ಪುವುದಿಲ್ಲ. ನಮ್ಮಂಥ ಒಣ ಬಿಸಿಲಿಗೆ ಕನಿಷ್ಠ 10 ದಿನ, ಹಾರುಬೂದಿ ಅಥವಾ ಪಿಪಿಸಿ ಇದ್ದರೆ 14 ದಿನ ಮೇಲ್ಮೈ ಹಸಿ ಇರಬೇಕು. ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವ ನಮ್ಮ ಗೌಂಡಿಗಳ ಹಳೇ ಪದ್ಧತಿಯೇ ಇದಕ್ಕೆ ಸರಿ. ಟ್ಯಾಂಕರ್ ನೀರಿನ ಖರ್ಚನ್ನ ಕಾಂಕ್ರೀಟ್ ರೇಟಿನ ಜೊತೆಗೇ ಮೊದಲೇ ಬರೆದಿಟ್ಟುಕೊಳ್ರಿ.